ಕಡತ ಯಾರ ಮೇಜಿಗೆ?

2012ರ ನವೆಂಬರ್‌ನಲ್ಲಿ ಇಟಲಿಯ ಅವಿಯಾನೊ ವಾಯುನೆಲೆಯಲ್ಲಿ ಅಮೆರಿಕದ ವಾಯುಪಡೆಯ ಕೋರ್ಟ್ ಮಾರ್ಷಲ್ ಒಂದು ನಡೆಯಿತು. ಆರೋಪಿ ಎಫ್-16 ಯುದ್ಧವಿಮಾನದ ಪೈಲಟ್, ಹುದ್ದೆಯಲ್ಲಿ ಲೆಫ್ಟಿನೆಂಟ್ ಕರ್ನಲ್. ತನ್ನ ಮನೆಯಲ್ಲಿ ರಾತ್ರಿ ತಂಗಿದ್ದ ಮಹಿಳೆಯ ಮೇಲೆ ಆಕೆ ನಿದ್ದೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಎಸಗಿದನೆಂಬುದು ಆರೋಪ. ತೀರ್ಪು ಕೊಡಲು ಕೂತವರೂ ಸಮವಸ್ತ್ರದವರೇ, ಹಿರಿಯ ಅಧಿಕಾರಿಗಳೇ. ಎರಡೂ ಕಡೆಯ ಸಾಕ್ಷ್ಯ ಕೇಳಿ ಅವರು ಅಪರಾಧ ಸಾಬೀತಾಗಿದೆ ಎಂದರು. ಒಂದು ವರ್ಷ ಜೈಲು, ಜೊತೆಗೆ ಸೇವೆಯಿಂದ ವಜಾ. ಮೂರು ತಿಂಗಳ ತರುವಾಯ ಕಡತ ಲೆಫ್ಟಿನೆಂಟ್ ಜನರಲ್ ಕ್ರೇಗ್ ಫ್ರಾಂಕ್ಲಿನ್ ಅವರ ಮುಂದೆ ಬಂತು. ಅವರು ವಿಚಾರಣೆಯಲ್ಲಿ ಕೂತವರಲ್ಲ, ಸಾಕ್ಷಿಗಳ ಮುಖ ನೋಡಿದವರಲ್ಲ. ಕಾಗದಪತ್ರ ಓದಿದರು, ಆರೋಪಿಯ ಪರವಾಗಿ ಬಂದ ಮನವಿಗಳನ್ನು ಓದಿದರು, ಇಡೀ ತೀರ್ಪನ್ನೇ ರದ್ದು ಮಾಡಿ ಅಧಿಕಾರಿಯನ್ನು ಸೇವೆಗೆ ವಾಪಸ್ ಕಳಿಸಿದರು. ಗದ್ದಲವೆದ್ದಾಗ ಬರೆದ ಸಮಜಾಯಿಷಿ ಪತ್ರದಲ್ಲಿ ಅವರು ಕೊಟ್ಟ ಕಾರಣಗಳಲ್ಲೊಂದು, ಹೆಂಡತಿ ಮಕ್ಕಳನ್ನು ಅಷ್ಟು ಪ್ರೀತಿಸುವ, ವೃತ್ತಿಯಲ್ಲಿ ಅಷ್ಟು ಒಳ್ಳೆಯ ಹೆಸರಿರುವ ಮನುಷ್ಯ ಇಂಥದ್ದು ಮಾಡಿರುತ್ತಾನೆಂದು ತಮಗೆ ನಂಬಿಕೆ ಬರಲಿಲ್ಲ ಎಂಬುದು.

ಜನರಲ್ ಕಾನೂನು ಮೀರಿ ಏನನ್ನೂ ಮಾಡಿರಲಿಲ್ಲ. ಅಮೆರಿಕದ ಮಿಲಿಟರಿ ನ್ಯಾಯ ಸಂಹಿತೆಯ 60ನೇ ವಿಧಿ ಅವರಿಗೆ ಆ ಅಧಿಕಾರವನ್ನು ಧಾರಾಳವಾಗಿ ಕೊಟ್ಟಿತ್ತು. ದೂರು ಬಂದರೆ ವಿಚಾರಣೆಗೆ ಒಪ್ಪಿಸಬೇಕೋ ಬೇಡವೋ, ಯಾವ ಆರೋಪ ಹೊರಿಸಬೇಕು, ತೀರ್ಪುಗಾರರಾಗಿ ಯಾರು ಕೂರಬೇಕು, ಬಂದ ತೀರ್ಪನ್ನು ಉಳಿಸಬೇಕೋ ಅಳಿಸಬೇಕೋ, ಎಲ್ಲವೂ ಕಮಾಂಡರ್ ಕೈಯಲ್ಲಿ. ನಮ್ಮ ಹಳ್ಳಿಗಳ ಹಳೆಯ ಪಟೇಲರ ಕಾಲ ನೆನಪಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಮೀನೂ ಅವನದೇ, ಚಾವಡಿಯೂ ಅವನದೇ. ದೂರು ಕೊಟ್ಟ ಆಳೂ ಅವನವನೇ, ಆಳಿನ ಮೇಲೆ ಕೈಮಾಡಿದವನೂ ಅವನವನೇ.

ಸೇನೆಯೊಳಗಿನ ಲೈಂಗಿಕ ದೌರ್ಜನ್ಯದ ಮಾತು ಬಂದಾಗಲೆಲ್ಲ ನಾವು ಶಿಕ್ಷೆಯ ಪ್ರಮಾಣದ ಬಗ್ಗೆ ಚರ್ಚಿಸುತ್ತೇವೆ, ತರಬೇತಿ ಶಿಬಿರ, ಸಹಾಯವಾಣಿ, ಜಾಗೃತಿ ಸಪ್ತಾಹಗಳ ಬಗ್ಗೆ ಮಾತಾಡುತ್ತೇವೆ. ನನಗೆ ಅನ್ನಿಸುವುದಿಷ್ಟು: ಇವೆಲ್ಲ ಆಮೇಲಿನ ಮಾತು. ದೂರಿನ ಕಡತ ಯಾರ ಮೇಜಿಗೆ ಹೋಗುತ್ತದೆ, ಆ ಮೇಜಿನಾಚೆ ಕೂತವರಿಗೂ ಆರೋಪಿಗೂ ಏನು ನಂಟು ಎಂಬುದು ಮೊದಲು ಇತ್ಯರ್ಥವಾಗಬೇಕು. ಇದಕ್ಕೆ ಅಮೆರಿಕದ ಕತೆಯಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಅಲ್ಲಿಯ ಸೇನೆ ಉಳಿದವರಿಗಿಂತ ಕೆಟ್ಟದ್ದು ಎಂದಲ್ಲ. ತನ್ನ ಹುಳುಕನ್ನು ತಾನೇ ಲೆಕ್ಕ ಹಾಕಿ ಪ್ರಕಟಿಸುವ ಅಭ್ಯಾಸ ಅದಕ್ಕಿದೆ ಎಂಬ ಕಾರಣಕ್ಕೆ.

ಲೆಕ್ಕದ ಕ್ರಮ ಹೀಗೆ. ಒಂದು, ಆ ವರ್ಷ ಅಧಿಕೃತವಾಗಿ ದಾಖಲಾದ ದೂರುಗಳು. ಇನ್ನೊಂದು, ಹೆಸರು ಹೇಳಬೇಕಿಲ್ಲದ ಸಮೀಕ್ಷೆಯಲ್ಲಿ ಸೈನಿಕರು ಗುಟ್ಟಾಗಿ ತುಂಬಿಕೊಟ್ಟ ಉತ್ತರಗಳಿಂದ ಅಂದಾಜಿಸಿದ ಸಂಖ್ಯೆ. 2012ರಲ್ಲಿ ದಾಖಲಾದವು ಮೂರು ಸಾವಿರದ ಚಿಲ್ಲರೆ, ಸಮೀಕ್ಷೆಯ ಅಂದಾಜು 26,000. ಈ ಎರಡು ಸಂಖ್ಯೆಗಳ ನಡುವಿನ ಕಂದಕವೇ ಪೆಂಟಗನ್ನಿನ ನಿದ್ದೆ ಕೆಡಿಸಿದ್ದು. ಇನ್ನೂ ಒಂದು ಸಂಗತಿ ಅದರಲ್ಲಿತ್ತು, ಪತ್ರಿಕೆಗಳ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಆ 26,000ದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಂಡಸರು. ಹೆಂಗಸರಲ್ಲಿ ತುತ್ತಾದವರ ಪ್ರಮಾಣ ಎಷ್ಟೋ ಪಟ್ಟು ಹೆಚ್ಚು, ನಿಜ. ಆದರೆ ಸೇನೆಯಲ್ಲಿ ಗಂಡಸರೇ ಶೇ 80ಕ್ಕೂ ಮೇಲಿರುವುದರಿಂದ ತಲೆ ಎಣಿಸಿದರೆ ಅವರೂ ಸಾವಿರಾರು. ರ‍್ಯಾಗಿಂಗ್ ಹೆಸರಿನಲ್ಲಿ, ‘ಹೊಸಬರನ್ನು ಹದ ಮಾಡುವ’ ನೆಪದಲ್ಲಿ ನಡೆದುಹೋಗುವ ಇಂಥವನ್ನು ಗಂಡುಮಗ ಯಾರ ಮುಂದೆ ಹೇಳಿಕೊಂಡಾನು? ಇದನ್ನು ಹೆಂಗಸರು ಸೇನೆಗೆ ಬಂದದ್ದರಿಂದ ಹುಟ್ಟಿದ ಸಮಸ್ಯೆ ಎನ್ನುವವರು ಈ ಒಂದು ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಹಗರಣಗಳ ಸರಣಿ ಅದಕ್ಕಿಂತ ಹಳೆಯದು. 1991ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ನೌಕಾಪಡೆಯ ವೈಮಾನಿಕರ ‘ಟೇಲ್‌ಹುಕ್’ ಸಮಾವೇಶ ನಡೆಯಿತು. ಮೂರನೇ ಮಹಡಿಯ ಪಡಸಾಲೆಯಲ್ಲಿ ಕುಡಿದ ಅಧಿಕಾರಿಗಳು ಎರಡು ಸಾಲಾಗಿ ನಿಂತು, ನಡುವೆ ಸಿಕ್ಕ ಹೆಂಗಸರ ಮೈಮೇಲೆ ಕೈಹಾಕುತ್ತ ಮುಂದೆ ಮುಂದೆ ದಬ್ಬಿದರು. ಆ ಸಾಲಿನ ನಡುವೆ ಸಿಕ್ಕವರಲ್ಲಿ ಹೆಲಿಕಾಪ್ಟರ್ ಪೈಲಟ್ ಲೆಫ್ಟಿನೆಂಟ್ ಪೌಲಾ ಕಾಫ್ಲಿನ್ ಒಬ್ಬರು. ಮೇಲಧಿಕಾರಿಗೆ ಹೇಳಿದರು, ಉಪಯೋಗವಾಗಲಿಲ್ಲ. ಕೊನೆಗೆ ಪತ್ರಿಕೆ, ಟಿ.ವಿ. ಮುಂದೆ ಹೆಸರು, ಮುಖ ತೋರಿಸಿಯೇ ಮಾತಾಡಿದರು. ರಕ್ಷಣಾ ಇಲಾಖೆಯ ತನಿಖೆ 83 ಮಹಿಳೆಯರು ಮತ್ತು 7 ಪುರುಷರ ಮೇಲೆ ಹಲ್ಲೆಯಾಗಿದೆ ಎಂದು ಪಟ್ಟಿ ಮಾಡಿತು. ನೌಕಾಪಡೆಯ ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ಹಲ್ಲೆಗಾಗಿ ಕೋರ್ಟ್ ಮಾರ್ಷಲ್‌ನಲ್ಲಿ ಶಿಕ್ಷೆಯಾದವರ ಸಂಖ್ಯೆ ಮಾತ್ರ ಸೊನ್ನೆ.

ಪ್ರತಿ ಹಗರಣಕ್ಕೂ ಒಂದು ಸಮಿತಿ, ಒಂದು ವರದಿ, ಒಂದು ಹೊಸ ಕಾರ್ಯಕ್ರಮ. ಅವುಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು 2005ರ ಒಂದು ವ್ಯವಸ್ಥೆ. ದೂರು ಕೊಡಲು ಅಲ್ಲಿಂದಾಚೆ ಎರಡು ದಾರಿಗಳಾದವು. ಬಹಿರಂಗ ದೂರು ಕೊಟ್ಟರೆ ತನಿಖೆ ನಡೆಯುತ್ತದೆ, ಕಮಾಂಡರ್‌ಗೂ ಗೊತ್ತಾಗುತ್ತದೆ. ಗೋಪ್ಯ ದೂರು ಕೊಟ್ಟರೆ ಚಿಕಿತ್ಸೆ, ಆಪ್ತಸಮಾಲೋಚನೆ, ವೈದ್ಯಕೀಯ ಸಾಕ್ಷ್ಯ ಸಂಗ್ರಹ ಎಲ್ಲ ಸಿಗುತ್ತದೆ, ಯೂನಿಟ್‌ಗೆ ಮಾತ್ರ ಹೆಸರು ತಿಳಿಯುವುದಿಲ್ಲ. ಮುಂದೆ ಧೈರ್ಯ ಬಂದಾಗ ಅದನ್ನು ಬಹಿರಂಗಕ್ಕೆ ಬದಲಿಸಿಕೊಳ್ಳಬಹುದು. ಇದನ್ನು ಕಣ್ಣೊರೆಸುವ ತಂತ್ರ ಎಂದು ಬೈದವರಿದ್ದರು, ಆರೋಪಿ ಆರಾಮಾಗಿ ತಿರುಗಾಡಿಕೊಂಡಿರುತ್ತಾನಲ್ಲ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿದೆ. ಆದರೂ ಬ್ಯಾರಕ್ಕಿನಲ್ಲಿ ಪಕ್ಕದ ಕೋಣೆಯಲ್ಲೇ ಆರೋಪಿ ಮಲಗುವ, ಬೆಳಗ್ಗೆ ಅವನ ಜೊತೆಯೇ ಪರೇಡಿಗೆ ನಿಲ್ಲಬೇಕಾದ ಹುಡುಗಿಗೆ ಮೊದಲು ಬೇಕಾದದ್ದು ಡಾಕ್ಟರು. ಒಪ್ಪಬೇಕಾದ ಮಾತು.

ಹಾಗಾದರೆ ದೂರು ಕೊಡಲು ಹಿಂಜರಿಕೆ ಏಕೆ? ಕಾರಣಗಳು ಬಹಳ ಸಣ್ಣಸಣ್ಣವು, ಹತ್ತಿರದಿಂದ ನೋಡಿದರೆ ಮಾತ್ರ ಕಾಣುವಂಥವು. ಘಟನೆ ನಡೆದ ರಾತ್ರಿ ಆಕೆ 21 ತುಂಬುವ ಮೊದಲೇ ಬಿಯರ್ ಕುಡಿದಿದ್ದರೆ ಅದು ಅಪರಾಧ. ಹಿರಿಯ ದರ್ಜೆಯವನ ಜೊತೆ ಒಡನಾಟವಿತ್ತೆಂದರೆ ಅದೂ ಶಿಸ್ತಿನ ಉಲ್ಲಂಘನೆ. ಹೀಗಾಗಿ ದೊಡ್ಡ ದೂರು ಹೊತ್ತು ಬಂದವಳ ಮೇಲೆಯೇ ಮೊದಲು ಸಣ್ಣ ಕೇಸು ಬೀಳುತ್ತಿತ್ತು. ದೊಡ್ಡದಕ್ಕೆ ವರ್ಷ ಬೇಕು, ಸಣ್ಣದಕ್ಕೆ ವಾರ ಸಾಕು. 2021ರ ರಕ್ಷಣಾ ಕಾಯ್ದೆಯಲ್ಲಿ ಇಂಥ ಚಿಲ್ಲರೆ ತಪ್ಪುಗಳಿಗೆ ಸಂತ್ರಸ್ತರನ್ನು ದಂಡಿಸಬಾರದೆಂಬ ನಿಯಮ ಬಂದ ಮೇಲೆಯೇ ಈ ಕಾಟ ಕಡಿಮೆಯಾದದ್ದು. ಇನ್ನೊಂದು ಕಾಟ ಬಿಡುಗಡೆ ಪತ್ರದ್ದು. ದೂರು ಕೊಟ್ಟ ಎಷ್ಟೋ ಮಂದಿಯನ್ನು ‘ವ್ಯಕ್ತಿತ್ವ ದೋಷ’ ಎಂಬ ಮನೋವೈದ್ಯಕೀಯ ಹಣೆಪಟ್ಟಿ ಕಟ್ಟಿ ಮನೆಗೆ ಕಳಿಸಲಾಯಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2016ರಲ್ಲಿ ಇದರ ಮೇಲೆಯೇ ಒಂದು ವರದಿ ಹೊರತಂದಿತು. ಆ ಹಣೆಪಟ್ಟಿ ಬಿಡುಗಡೆ ಪತ್ರದಲ್ಲಿ ಅಚ್ಚಾಗಿರುತ್ತದೆ. ಹೊಸ ನೌಕರಿಗೆ ಹೋದಾಗ ಕೇಳುವುದು ಅದೇ ಪತ್ರವನ್ನು. 2014ರ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಅಧ್ಯಯನದಲ್ಲಿ, ದೂರು ಕೊಟ್ಟ ಮಹಿಳೆಯರಲ್ಲಿ ಶೇ 62ರಷ್ಟು ಮಂದಿ ತಮ್ಮ ಮೇಲೆ ಒಂದಲ್ಲ ಒಂದು ರೀತಿಯ ಸೇಡಿನ ಕ್ರಮ ನಡೆಯಿತೆಂದರು. ಸರ್ಕಾರದ ಮೇಲೆ ನಷ್ಟ ಪರಿಹಾರದ ದಾವೆ ಹೂಡೋಣವೆಂದರೆ, ಸೇವೆಗೆ ಸಂಬಂಧಿಸಿದ ಹಾನಿಗೆ ಸೈನಿಕರು ಹಾಗೆ ಮಾಡುವಂತಿಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 1950ರಲ್ಲೇ ಬಾಗಿಲು ಹಾಕಿಯಾಗಿದೆ.

ಅವಿಯಾನೊ ಪ್ರಕರಣದ ಬಿಸಿ ಆರುವ ಮೊದಲೇ, 2013ರ ಜೂನ್ 4ರಂದು ಸೆನೆಟ್ಟಿನ ಸಶಸ್ತ್ರ ಪಡೆಗಳ ಸಮಿತಿ ಎಲ್ಲ ಪಡೆಗಳ ಮುಖ್ಯಸ್ಥರನ್ನೂ ಕರೆಸಿತು. ಎದೆ ತುಂಬ ಪದಕಪಟ್ಟಿ ಧರಿಸಿದವರು ಸಾಲಾಗಿ ಕೂತು, ಸಮಸ್ಯೆ ಗಂಭೀರವಾಗಿದೆ ಎಂದು ಒಬ್ಬರಾದ ಮೇಲೊಬ್ಬರು ಒಪ್ಪಿಕೊಂಡರು. ಕಮಾಂಡರ್‌ಗಳ ಅಧಿಕಾರ ಕಿತ್ತುಕೊಂಡರೆ ಶಿಸ್ತು ಮಣ್ಣುಪಾಲಾಗುತ್ತದೆ ಎಂದೂ ಒಕ್ಕೊರಲಿನಿಂದ ಹೇಳಿದರು. ಸೆನೆಟರ್ ಒಬ್ಬರಂತೂ ಹದಿನೇಳರಿಂದ ಇಪ್ಪತ್ತೆರಡರ ವಯಸ್ಸಿನ ಹುಡುಗರ ಹಾರ್ಮೋನುಗಳ ವಿಷಯ ಎತ್ತಿದರು. (ಪೈಲಟ್ ಲೆಫ್ಟಿನೆಂಟ್ ಕರ್ನಲ್‌ಗೆ ಆ ವಯಸ್ಸು ದಾಟಿ ದಶಕಗಳಾಗಿದ್ದವು.) ನ್ಯೂಯಾರ್ಕಿನ ಸೆನೆಟರ್ ಕಿರ್ಸ್ಟನ್ ಗಿಲ್ಲಿಬ್ರಾಂಡ್ ತಂದ ಮಸೂದೆಯ ಸಾರ ಒಂದೇ: ಗಂಭೀರ ಅಪರಾಧಗಳಲ್ಲಿ ಮೊಕದ್ದಮೆ ಹೂಡಬೇಕೋ ಬೇಡವೋ ಎಂಬುದನ್ನು ಸ್ವತಂತ್ರ ಮಿಲಿಟರಿ ಪ್ರಾಸಿಕ್ಯೂಟರ್ ನಿರ್ಧರಿಸಲಿ. 2014ರ ಮಾರ್ಚ್‌ನಲ್ಲಿ ಅದಕ್ಕೆ 55 ಮತ ಬಿತ್ತು. ಬೇಕಿದ್ದದ್ದು 60. ಬಹುಮತ ಇದ್ದೂ ಮಸೂದೆ ಸೋತಿತು. ತೀರ್ಪನ್ನೇ ಅಳಿಸಿಹಾಕುವ ಜನರಲ್‌ಗಳ ಅಧಿಕಾರಕ್ಕೆ ಲಗಾಮು ಬಿತ್ತು, ಸಂತ್ರಸ್ತರಿಗೆ ಅವರದ್ದೇ ವಕೀಲರು ಸಿಕ್ಕರು. ಮೇಜು ಮಾತ್ರ ಕಮಾಂಡರ್‌ದೇ ಉಳಿಯಿತು.

ಅದು ಕದಲಬೇಕಾದರೆ ಇಪ್ಪತ್ತು ವರ್ಷದ ಹುಡುಗಿಯೊಬ್ಬಳ ಹೆಣ ಬೀಳಬೇಕಾಯಿತು. ಟೆಕ್ಸಾಸ್‌ನ ಫೋರ್ಟ್ ಹುಡ್ ನೆಲೆಯ ಸೈನಿಕ ವನೆಸ್ಸಾ ಗಿಯೆನ್ 2020ರ ಏಪ್ರಿಲ್ 22ರಂದು ಶಸ್ತ್ರಾಗಾರದ ಕೆಲಸಕ್ಕೆ ಹೋದವರು ಕಾಣೆಯಾದರು. ಜೂನ್ ಕೊನೆಗೆ ಲಿಯಾನ್ ನದಿಯ ಬದಿಯಲ್ಲಿ ಅವಶೇಷ ಸಿಕ್ಕಿತು. ಕೊಲೆಯ ಶಂಕಿತ, ಅದೇ ಘಟಕದ ಸೈನಿಕ, ಪೊಲೀಸರು ಸುತ್ತುವರಿದಾಗ ಗುಂಡು ಹಾರಿಸಿಕೊಂಡು ಸತ್ತ. ಮಗಳು ಕಿರುಕುಳದ ಬಗ್ಗೆ ತಮ್ಮ ಹತ್ತಿರ ಹೇಳಿಕೊಂಡಿದ್ದಳು, ದೂರು ಕೊಡಲು ಹೆದರಿದ್ದಳು ಎಂದು ಮನೆಯವರು ಮೊದಲ ದಿನದಿಂದಲೂ ಹೇಳುತ್ತಿದ್ದರು. ಅದಕ್ಕೆ ಪುರಾವೆ ಇಲ್ಲ ಎಂದು ಸೇನೆ ಹೇಳುತ್ತಿತ್ತು. ವರ್ಷದ ನಂತರ ಸೇನೆಯದ್ದೇ ತನಿಖಾ ವರದಿ ಬಂತು: ಒಬ್ಬ ಮೇಲಿನವನು, ಕೊಲೆಗಾರನಲ್ಲ, ಬೇರೆಯವನು, ವನೆಸ್ಸಾಗೆ ಲೈಂಗಿಕ ಕಿರುಕುಳ ಕೊಟ್ಟಿದ್ದ, ಯೂನಿಟ್‌ನ ಮುಂದಾಳುಗಳ ಕಿವಿಗೆ ಅದು ಬಿದ್ದಿತ್ತು, ಯಾರೂ ಏನೂ ಮಾಡಲಿಲ್ಲ.

ಅದಕ್ಕೂ ಮೊದಲು ನಾಗರಿಕರ ಸ್ವತಂತ್ರ ಸಮಿತಿಯೊಂದು ಫೋರ್ಟ್ ಹುಡ್‌ಗೆ ಹೋಗಿ 503 ಮಹಿಳಾ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿತ್ತು. ನಂಬಲರ್ಹವಾದ 93 ದೌರ್ಜನ್ಯದ ಪ್ರಕರಣಗಳು ಹೊರಬಂದವು. ದೂರಾಗಿದ್ದವು 59 ಮಾತ್ರ. 2020ರ ಡಿಸೆಂಬರ್‌ನಲ್ಲಿ ಹದಿನಾಲ್ಕು ಮಂದಿ ಅಧಿಕಾರಿಗಳನ್ನು ತೆಗೆದುಹಾಕಲಾಯಿತು, ಇಲ್ಲವೇ ಅಮಾನತು ಮಾಡಲಾಯಿತು. ಅಷ್ಟರಲ್ಲಿ ವನೆಸ್ಸಾ ಹೆಸರಿನ ಹ್ಯಾಷ್‌ಟ್ಯಾಗ್ ಹಿಡಿದು ಸಾವಿರಾರು ಮಾಜಿ, ಹಾಲಿ ಸೈನಿಕರು ತಮ್ಮ ತಮ್ಮ ಕತೆ ಬರೆದುಕೊಂಡಿದ್ದರು. ಅಧ್ಯಕ್ಷ ಬೈಡನ್ ಕಾಲದ ಸ್ವತಂತ್ರ ಪರಿಶೀಲನಾ ಆಯೋಗ 2021ರಲ್ಲಿ ಹೇಳಿದ್ದು ಗಿಲ್ಲಿಬ್ರಾಂಡ್ ಎಂಟು ವರ್ಷಗಳಿಂದ ಹೇಳುತ್ತ ಬಂದದ್ದನ್ನೇ. ಸ್ವತಃ ಜನರಲ್ ಆಗಿದ್ದ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಒಪ್ಪಿದರು. ಕಾಯ್ದೆ ತಿದ್ದುಪಡಿಯಾಯಿತು. 2023ರ ಡಿಸೆಂಬರ್ 28ರಿಂದ ಅತ್ಯಾಚಾರ, ಲೈಂಗಿಕ ದೌರ್ಜನ್ಯ, ಕೊಲೆ, ಕೌಟುಂಬಿಕ ಹಿಂಸೆಯಂಥ ಪ್ರಕರಣಗಳ ಕಡತ ವಿಶೇಷ ಪ್ರಾಸಿಕ್ಯೂಟರ್ ಕಚೇರಿಗೆ ಹೋಗುತ್ತದೆ. ಆ ಕಚೇರಿ ಕಮಾಂಡರ್‌ಗಳ ಕೆಳಗಿಲ್ಲ. ಪ್ರತಿ ಪಡೆಯ ನಾಗರಿಕ ಕಾರ್ಯದರ್ಶಿಗೆ ನೇರ ವರದಿ ಮಾಡುತ್ತದೆ. ವಿಚಾರಣೆಗೆ ಒಪ್ಪಿಸಬೇಕೆಂದು ಪ್ರಾಸಿಕ್ಯೂಟರ್ ಹೇಳಿದರೆ ಕಮಾಂಡರ್ ಅಡ್ಡಗಾಲು ಹಾಕುವಂತಿಲ್ಲ. 2025ರ ಜನವರಿಯಿಂದ ಲೈಂಗಿಕ ಕಿರುಕುಳವೂ ಈ ಪಟ್ಟಿಗೆ ಸೇರಿತು.

ಎಲ್ಲ ಸರಿಹೋಯಿತೆಂದು ಯಾರೂ ಹೇಳುತ್ತಿಲ್ಲ. ಹೊಸ ಕಚೇರಿ ಬಾಗಿಲು ತೆರೆಯುವ ಕೆಲವೇ ವಾರಗಳ ಮೊದಲು ಭೂಸೇನೆಯ ಮುಖ್ಯ ವಿಶೇಷ ಪ್ರಾಸಿಕ್ಯೂಟರ್‌ರನ್ನೇ ಮನೆಗೆ ಕಳಿಸಬೇಕಾಯಿತು. ಲೈಂಗಿಕ ದೌರ್ಜನ್ಯದ ದೂರುಗಳನ್ನು ಹಗುರ ಮಾಡಿ ಅವರು 2013ರಲ್ಲಿ ಬರೆದಿದ್ದ ಇಮೇಲ್ ಹೊರಬಿದ್ದಿತ್ತು. 2021ರ ಸಮೀಕ್ಷೆಯ ಅಂದಾಜು ಸುಮಾರು 36,000ಕ್ಕೆ ಏರಿದ್ದು, 2023ರಲ್ಲಿ ಸುಮಾರು 29,000ಕ್ಕೆ ಇಳಿಯಿತು. ಇಳಿಕೆಗೆ ಹೊಸ ಕಚೇರಿ ಕಾರಣವಾಗಿರಲು ಸಾಧ್ಯವೇ ಇಲ್ಲ, ಅದು ಇನ್ನೂ ಶುರುವಾಗಿರಲಿಲ್ಲ.

ಕಮಾಂಡರ್ ಅಧಿಕಾರ ಹೋದರೆ ಸೇನೆ ಕುಸಿಯುತ್ತದೆ ಎಂಬ ವಾದಕ್ಕೆ ಉತ್ತರ ಯುರೋಪಿನಲ್ಲಿ ಬಹಳ ಹಿಂದಿನಿಂದಲೂ ಇದೆ. ಜರ್ಮನಿಯಲ್ಲಿ ಶಾಂತಿಕಾಲದಲ್ಲಿ ಸೈನಿಕನ ಅಪರಾಧ ಸಾಮಾನ್ಯ ನ್ಯಾಯಾಲಯಕ್ಕೇ ಹೋಗುತ್ತದೆ. ಫ್ರಾನ್ಸ್ 1982ರಲ್ಲೇ ಶಾಂತಿಕಾಲದ ಮಿಲಿಟರಿ ನ್ಯಾಯಾಲಯಗಳನ್ನು ತೆಗೆದುಹಾಕಿತು. ಎರಡೂ ಕಡೆ ಸೇನೆ ನಿಂತೇ ಇದೆ. ಕೆನಡಾದಲ್ಲಿ ಮಾಜಿ ನ್ಯಾಯಮೂರ್ತಿ ಲೂಯಿಸ್ ಆರ್ಬರ್ 2022ರಲ್ಲಿ, ಲೈಂಗಿಕ ಅಪರಾಧಗಳನ್ನು ಸೇನೆಯ ಕೈಯಿಂದ ಪೂರ್ತಿ ಬಿಡಿಸಿ ನಾಗರಿಕ ನ್ಯಾಯಾಲಯಕ್ಕೆ ಕೊಡಿ ಎಂದು ಶಿಫಾರಸು ಮಾಡಿದರು. ಅಲ್ಲಿ 2015ರಲ್ಲಿ ಲೈಂಗಿಕ ದುರ್ನಡತೆಯ ವಿರುದ್ಧ ‘ಆಪರೇಷನ್ ಆನರ್’ ಎಂಬ ಅಭಿಯಾನ ಶುರುಮಾಡಿದ್ದ ಸೇನಾ ಮುಖ್ಯಸ್ಥರು, ನಿವೃತ್ತಿಯ ನಂತರ ತಾವೇ ಒಂದು ದುರ್ನಡತೆಯ ತನಿಖೆಗೆ ಸಿಕ್ಕಿ, ನ್ಯಾಯಕ್ಕೆ ಅಡ್ಡಿಪಡಿಸಿದ ತಪ್ಪನ್ನು ಒಪ್ಪಿಕೊಂಡರು. ಜಪಾನಿನಲ್ಲಿ ರಿನಾ ಗೊನೊಯಿ ಎಂಬ ಯುವತಿ ಆತ್ಮರಕ್ಷಣಾ ಪಡೆ ಬಿಟ್ಟು, 2022ರಲ್ಲಿ ಯೂಟ್ಯೂಬಿನಲ್ಲಿ ಮುಖ ತೋರಿಸಿ ಮಾತಾಡಿದ ಮೇಲೆಯೇ ಮುಚ್ಚಿಹೋಗಿದ್ದ ಪ್ರಕರಣ ಮತ್ತೆ ತೆರೆದದ್ದು. 2023ರ ಡಿಸೆಂಬರ್‌ನಲ್ಲಿ ಫುಕುಶಿಮಾ ನ್ಯಾಯಾಲಯ ಮೂವರು ಮಾಜಿ ಸಹೋದ್ಯೋಗಿಗಳನ್ನು ಅಪರಾಧಿಗಳೆಂದಿತು.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಭೂಸೇನಾ ಕಾಯ್ದೆ, ವಾಯುಪಡೆ ಕಾಯ್ದೆ ಎರಡೂ 1950ರವು, ನೌಕಾಪಡೆಯದ್ದು 1957ರದ್ದು. ಭೂಸೇನಾ ಕಾಯ್ದೆಯ 70ನೇ ಕಲಂ ಪ್ರಕಾರ ಸೈನಿಕನೊಬ್ಬ ನಾಗರಿಕ ಮಹಿಳೆಯ ಮೇಲೆ ಅತ್ಯಾಚಾರ ಮಾಡಿದರೆ ಕೋರ್ಟ್ ಮಾರ್ಷಲ್ ಸಾಧ್ಯವಿಲ್ಲ, ಸಾಮಾನ್ಯ ನ್ಯಾಯಾಲಯವೇ ವಿಚಾರಣೆ ನಡೆಸಬೇಕು. ಯುದ್ಧಕ್ಷೇತ್ರ, ವಿದೇಶ, ಗಡಿಠಾಣೆಗಳು ಇದಕ್ಕೆ ಹೊರತು. ಸಂತ್ರಸ್ತೆಯೂ ಸಮವಸ್ತ್ರದವಳಾದರೆ ಈ ರಕ್ಷಣೆ ಇಲ್ಲ. ಆಗ ಎರಡೂ ಕಡೆ ವಿಚಾರಣೆ ಸಾಧ್ಯ. ಎಲ್ಲಿ ನಡೆಯಬೇಕೆಂದು ಮೊದಲು ನಿರ್ಧರಿಸುವ ವಿವೇಚನೆಯನ್ನು 125ನೇ ಕಲಂ ಸೇನಾಧಿಕಾರಿಗೇ ಕೊಟ್ಟಿದೆ. ಅಂದರೆ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳಿಗೆ ಇರುವ ನೇರ ದಾರಿ ದೇಶ ಕಾಯುವ ಹೆಣ್ಣುಮಗಳಿಗೆ ಇಲ್ಲ. ಕೋರ್ಟ್ ಮಾರ್ಷಲ್ ನಡೆದರೂ ಅದರ ತೀರ್ಪು ಮೇಲಧಿಕಾರಿ ದೃಢೀಕರಿಸುವ ತನಕ ಊರ್ಜಿತವಲ್ಲ. ಒಮ್ಮೆ ಮರುಪರಿಶೀಲಿಸಿ ಎಂದು ಅವರು ತೀರ್ಪನ್ನು ವಾಪಸ್ ಕಳಿಸಲೂಬಹುದು.

2021ರ ಸೆಪ್ಟೆಂಬರ್‌ನಲ್ಲಿ ಕೊಯಮತ್ತೂರಿನ ವಾಯುಪಡೆ ಆಡಳಿತ ಕಾಲೇಜಿನಲ್ಲಿ ತರಬೇತಿಯಲ್ಲಿದ್ದ ಮಹಿಳಾ ಅಧಿಕಾರಿಯೊಬ್ಬರು ಸಹೋದ್ಯೋಗಿಯ ಮೇಲೆ ಅತ್ಯಾಚಾರದ ದೂರು ಕೊಟ್ಟರು. ಒಳಗೆ ನ್ಯಾಯ ಸಿಗಲಿಲ್ಲವೆಂದು ಮಹಿಳಾ ಪೊಲೀಸ್ ಠಾಣೆಗೆ ಹೋದದ್ದು. ನಿಷೇಧಿತ ‘ಎರಡು ಬೆರಳಿನ ಪರೀಕ್ಷೆ’ಗೆ ತಮ್ಮನ್ನು ಒಳಪಡಿಸಲಾಯಿತೆಂದೂ ದೂರಿನಲ್ಲಿತ್ತು, ಹಾಗೇನೂ ನಡೆದಿಲ್ಲವೆಂದು ವಾಯುಪಡೆಯ ಮುಖ್ಯಸ್ಥರು ಹೇಳಿದರು. ಪೊಲೀಸರು ಆರೋಪಿಯನ್ನು ಬಂಧಿಸಿದ ಒಂದು ವಾರದೊಳಗೆ ನ್ಯಾಯಾಲಯ ಅವನನ್ನು ಕೋರ್ಟ್ ಮಾರ್ಷಲ್‌ಗಾಗಿ ವಾಯುಪಡೆಗೆ ಒಪ್ಪಿಸಿತು. ಕಾನೂನಿನ ಪ್ರಕಾರ ಅದು ಸರಿಯೇ. ಯಾರನ್ನು ನಂಬಲಾಗದೆ ಆಕೆ ಠಾಣೆಯ ಮೆಟ್ಟಿಲು ಹತ್ತಿದರೋ ಪ್ರಕರಣ ತಿರುಗಿ ಅವರ ಕೈಗೇ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಕಾಶ್ಮೀರದ ಬಡ್ಗಾಮ್‌ನಲ್ಲಿ ಮಹಿಳಾ ಫ್ಲೈಯಿಂಗ್ ಆಫೀಸರ್ ಒಬ್ಬರು ವಿಂಗ್ ಕಮಾಂಡರ್ ಮೇಲೆ ಪೊಲೀಸರಿಗೆ ದೂರು ಕೊಟ್ಟದ್ದೂ ಇಲಾಖೆಯೊಳಗೆ ತಿಂಗಳುಗಟ್ಟಲೆ ಅಲೆದ ಮೇಲೆಯೇ, ಎಂದು ಅವರ ದೂರಿನಲ್ಲಿದೆ. ಆರೋಪಿಗೆ ಹೈಕೋರ್ಟ್ ನಿರೀಕ್ಷಣಾ ಜಾಮೀನು ಕೊಟ್ಟಿತು. ಈ ಆರೋಪಗಳು ನಿಜವೋ ಸುಳ್ಳೋ ಎಂದು ಇಲ್ಲಿ ಕೂತು ಹೇಳುವುದು ನನ್ನ ಕೆಲಸವಲ್ಲ. ಎರಡರಲ್ಲೂ ದೂರುದಾರರು ಗೇಟು ದಾಟಿ ಹೊರಗೆ ಬಂದದ್ದು ಏಕೆ ಎಂಬುದಷ್ಟೇ ನನಗೆ ಮುಖ್ಯ.

ಬೆಂಗಳೂರಿಗೂ ಈ ಕತೆಯಲ್ಲಿ ಪಾಲಿದೆ. 2019ರ ಜನವರಿಯಲ್ಲಿ ನಿರ್ಮಲಾ ಸೀತಾರಾಮನ್ ರಕ್ಷಣಾ ಸಚಿವೆಯಾಗಿದ್ದಾಗ ಮಿಲಿಟರಿ ಪೊಲೀಸ್ ದಳಕ್ಕೆ ಮಹಿಳೆಯರನ್ನು ಜವಾನರ ದರ್ಜೆಯಲ್ಲೇ ಸೇರಿಸಿಕೊಳ್ಳುವ ತೀರ್ಮಾನವಾಯಿತು. ಅತ್ಯಾಚಾರ, ಲೈಂಗಿಕ ಕಿರುಕುಳದಂಥ ಪ್ರಕರಣಗಳ ತನಿಖೆಯೂ ಅವರ ಕೆಲಸಗಳಲ್ಲೊಂದು ಎಂದು ಆಗಲೇ ಹೇಳಲಾಗಿತ್ತು. ಮೊದಲ ತಂಡದ 83 ಮಂದಿ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ 2021ರ ಮೇ 8ರಂದು, ಕೋವಿಡ್ ಕಾಲದ ಸರಳ ಪರೇಡಿನಲ್ಲಿ ಹೊರಬಂದರು. ಒಳ್ಳೆಯ ಹೆಜ್ಜೆ. ಹೇಳಿಕೆ ಬರೆದುಕೊಳ್ಳಲು ಎದುರಿಗೆ ಕೂತವಳು ಹೆಣ್ಣುಮಗಳಾದರೆ ಹೇಳುವವಳ ನಾಲಿಗೆ ಅಷ್ಟಾದರೂ ಸಡಿಲಾಗುತ್ತದೆ. ಆದರೆ ಆಕೆ ಬರೆದ ವರದಿ ಮುಂದೆ ಹೋಗುವ ದಾರಿ ಹಳೆಯದೇ: ಕೋರ್ಟ್ ಆಫ್ ಎನ್ಕ್ವಯರಿ, ಕಮಾಂಡಿಂಗ್ ಆಫೀಸರ್ ಮುಂದೆ ಆರೋಪದ ವಿಚಾರಣೆ, ಸಾಕ್ಷ್ಯಸಾರ, ಆಮೇಲೆ ಮೇಲಧಿಕಾರಿ ಮನಸ್ಸು ಮಾಡಿದರೆ ಕೋರ್ಟ್ ಮಾರ್ಷಲ್.

2023ರ ಆಗಸ್ಟ್‌ನಲ್ಲಿ ಸಂಸತ್ತು ಈ ಕಾಯ್ದೆಗಳ ಸುತ್ತಮುತ್ತ ಒಂದು ಹೊಸ ಕಾಯ್ದೆ ಮಾಡಿತು. ಮೂರೂ ಪಡೆಗಳ ಜಂಟಿ ಸಂಸ್ಥೆಗಳ ಮುಖ್ಯಸ್ಥರಿಗೆ ತಮ್ಮ ಕೈಕೆಳಗಿನ ಎಲ್ಲ ಪಡೆಗಳ ಸಿಬ್ಬಂದಿಯ ಮೇಲೂ ಶಿಸ್ತಿನ ಅಧಿಕಾರ ಕೊಡುವ ಕಾಯ್ದೆ ಅದು. 2024ರ ಮೇ ತಿಂಗಳಿಂದ ಜಾರಿಯಲ್ಲಿದೆ. ಜಂಟಿ ಕಮಾಂಡ್‌ಗಳನ್ನು ಕಟ್ಟುವ ಉದ್ದೇಶಕ್ಕೆ ಅದು ಬೇಕಾಗಿತ್ತು, ಅದರ ಬಗ್ಗೆ ತಕರಾರಿಲ್ಲ. ಅಮೆರಿಕ ಕಮಾಂಡರ್ ಮೇಜಿನಿಂದ ಈ ಕಡತಗಳನ್ನು ಎತ್ತಿಟ್ಟ ವರ್ಷವೇ ನಾವು ಕಮಾಂಡರ್‌ಗಳ ಮೇಜನ್ನು ಇನ್ನಷ್ಟು ಅಗಲ ಮಾಡಿದೆವು. 125ನೇ ಕಲಮಿಗೆ ಒಂದು ಸಾಲು ಸೇರಿಸಿ, ಲೈಂಗಿಕ ಅಪರಾಧದಲ್ಲಿ ಯಾವ ನ್ಯಾಯಾಲಯ ಎಂಬ ಆಯ್ಕೆಯನ್ನು ದೂರುದಾರರಿಗೆ ಕೊಡಲು, ಇಲ್ಲವೇ ಕಮಾಂಡ್ ಸರಪಳಿಯ ಹೊರಗಿನ ಪ್ರಾಸಿಕ್ಯೂಟರ್‌ಗೆ ಬಿಡಲು ಅದೇ ಅಧಿವೇಶನದಲ್ಲಿ ಅವಕಾಶವಿತ್ತು. 1950ರ ಕಾಯ್ದೆಯ ಆ ಕಲಂ ಇದ್ದ ಹಾಗೇ ಇದೆ.